ಹತ್ತು ಗುಂಟೆ ಜಮೀನು, ಒಂದು ದಾರದ ಗಂಟು

ಬಸ್ಸಲ್ಲಿದ್ರೆ ಇಯರ್‌ಫೋನ್ ಹಾಕ್ಕೊಳ್ಳಿ. ಇವತ್ತಿನ ಕಥೆ ಶುರುವಾಗೋದು ನನ್ನ ಸೋಲಿನಿಂದ.

ಹೋದ ತಿಂಗಳು ಕ್ರೋಶಾ ಕಲಿಯೋಕೆ ಕೂತೆ. ಚೈನ್ ಹಾಕೋದು ಎರಡು ದಿನದಲ್ಲಿ ಬಂತು. ಆಮೇಲೆ ಒಂದು ಉಬ್ಬು ಹೆಣಿಗೆಗೆ ಕೈ ಹಾಕಿದೆ. ಅದರ ಹೆಸರು ಕ್ಲೋನಿಸ್ ಗಂಟು. ಮೂರು ಚೈನ್ ಹಾಕಿ, ಕಡ್ಡಿ ಮೇಲಿನ ಕುಣಿಕೆಯನ್ನ ಸ್ವಲ್ಪ ಉದ್ದಕ್ಕೆ ಎಳೀಬೇಕು. ದಾರವನ್ನ ಕಡ್ಡಿಗೆ ಒಂದು ಸಲ ಸುತ್ತಿ, ಕುಣಿಕೆಯ ಕೆಳಗಿಂದ ಇನ್ನೊಂದು ಸಲ ತಂದು, ಹೀಗೇ ಹತ್ತು ಹನ್ನೆರಡು ಸುತ್ತು. ಕೊನೆಗೆ ಒಂದೇ ಎಳೆತದಲ್ಲಿ ಎಲ್ಲ ಸುತ್ತಿನ ಒಳಗಿಂದ ದಾರ ಹೊರಗೆ ಬರಬೇಕು. ಬಂದ್ರೆ ಕಾಳುಮೆಣಸಿನ ಹಾಗೆ ದುಂಡಗಿನ ಗಂಟು. ನಂದು ಬರಲಿಲ್ಲ, ಕಡ್ಡಿ ಮಧ್ಯದಲ್ಲೇ ಸಿಕ್ಕಿಹಾಕ್ಕೊಂಡ್ತು.

ಪಕ್ಕದ ಮನೆ ಆಂಟಿ ಸೀರೆಗೆ ಕುಚ್ಚು ಹಾಕ್ತಾರೆ. ನೋಡಿ ನಕ್ಕರು. "ಏನೇ ಇದು, ದಾರದ ಕತ್ತು ಹಿಸುಕ್ತಿದ್ದೀಯಲ್ಲ. ಸಡಿಲ ಬಿಡು, ಅದೇ ಕೂತ್ಕೊಳ್ಳತ್ತೆ" ಅಂದ್ರು.

ಸಡಿಲ ಬಿಟ್ಟೆ, ಗಂಟು ಕೂತಿತು. ಆಗ ತಲೆಗೆ ಬಂದ ಪ್ರಶ್ನೆ: ಈ ಕ್ಲೋನಿಸ್ ಅಂದ್ರೆ ಏನು?

ಅದೊಂದು ಊರು. ಐರ್ಲೆಂಡಿನ ಮೊನಹನ್ ಕೌಂಟಿಯಲ್ಲಿದೆ. ಇಂಗ್ಲಿಷಿನಲ್ಲಿ ಬರೆದಿದ್ದನ್ನ ಓದಿದ್ರೆ 'ಕ್ಲೋನ್ಸ್' ಅನ್ನಿಸತ್ತೆ, ಅಲ್ಲಿಯವರು ಹೇಳೋದು ಕ್ಲೋನಿಸ್ ಅಂತ.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ಬಂತು. ಬಡವರ ಊಟ ಅಂದ್ರೆ ಆಲೂಗಡ್ಡೆಯೇ. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು, ರೋಗದಿಂದ ಸತ್ತರು. ಹೆಚ್ಚುಕಮ್ಮಿ ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಇಷ್ಟೆಲ್ಲ ಆಗ್ತಿರುವಾಗಲೂ ಅಲ್ಲಿಂದ ಧಾನ್ಯ, ದನಕರು ರಫ್ತಾಗೋದು ನಿಂತಿರಲಿಲ್ಲ. ಊಟ ಇತ್ತು, ಕೊಳ್ಳೋಕೆ ದುಡ್ಡಿರಲಿಲ್ಲ.

1847ರಲ್ಲಿ ಬ್ರಿಟಿಷ್ ಸಂಸತ್ತು ಒಂದು ಷರತ್ತು ತಂತು. ಕಾಲು ಎಕರೆಗಿಂತ ಹೆಚ್ಚು ಜಮೀನು ಇಟ್ಟುಕೊಂಡಿರೋ ಗೇಣಿದಾರನಿಗೆ ಸರ್ಕಾರಿ ಪರಿಹಾರ ಇಲ್ಲ. ಕಾಲು ಎಕರೆ ಅಂದ್ರೆ ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಗಂಜಿ ಬೇಕಾ, ಜಮೀನು ಬಿಡು. ಜಮೀನು ಬಿಟ್ಟರೆ ಮುಂದಿನ ವರ್ಷ ತಿನ್ನೋದೇನು? ಅಂಥ ಮನೆಯಲ್ಲಿ ಕೈಗೆ ನಾಲ್ಕು ಕಾಸು ಬರೋದು ಎಷ್ಟು ದೊಡ್ಡ ವಿಷಯ ಅಂತ ಯೋಚಿಸಿ.

ಅದೇ ವರ್ಷ ಕ್ಲೋನಿಸ್‌ನ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್, ಊರಿನ ಹೆಂಗಸರಿಗೆ ಕ್ರೋಶಾ ಲೇಸ್ ಕಲಿಸೋ ವ್ಯವಸ್ಥೆ ಮಾಡಿದರು. ಶ್ರೀಮಂತರಿಗೆ ಆಗ ವೆನಿಸ್‌ನ ಹಳೇ ಸೂಜಿ ಲೇಸಿನ ಹುಚ್ಚು. ಅದನ್ನ ಸೂಜಿಯಲ್ಲಿ ಮಾಡೋಕೆ ತುಂಬಾ ಕಾಲ ಬೇಕು. ಅದೇ ಉಬ್ಬು, ಅದೇ ಹೂವು ಕ್ರೋಶಾ ಕಡ್ಡಿಯಲ್ಲಿ ಬೇಗ ಬರ್ತಿತ್ತು. ಬೇಕಾಗಿದ್ದು ಒಂದು ಕಡ್ಡಿ, ಒಂದಿಷ್ಟು ಹತ್ತಿ ದಾರ. ನಾನು ಬಿ.ಕಾಂ. ಓದಿದವಳು, ನನಗೆ ಮೊದಲು ಕಂಡಿದ್ದು ಇದೇ: ಬಂಡವಾಳ ಕಮ್ಮಿ, ಮಾರುಕಟ್ಟೆ ರೆಡಿ.

ಕೆಲಸವನ್ನೂ ಹಂಚಿಕೊಂಡಿದ್ದರು. ಒಂದು ಮನೆಯವರದು ಗುಲಾಬಿ, ಇನ್ನೊಂದು ಮನೆಯವರದು ಎಲೆ. ತಮ್ಮ ಹೂವಿನ ಗುಟ್ಟನ್ನ ಬೇರೆ ಮನೆಗೆ ಬಿಟ್ಟುಕೊಡ್ತಿರಲಿಲ್ಲ. ಎಲ್ಲ ಬಿಡಿ ಹೂಗಳನ್ನ ತಂದು ಜೋಡಿಸೋವಾಗ ಮಧ್ಯದ ಖಾಲಿ ಜಾಗದಲ್ಲಿ ಒಂದು ಬಲೆ ಹೆಣೀಬೇಕಲ್ಲ, ಆ ಬಲೆಯ ಮೇಲೆ ಕಾಳಿನ ಹಾಗೆ ಕೂರೋದೇ ನಮ್ಮ ಕ್ಲೋನಿಸ್ ಗಂಟು. ನೋಡೋವ್ರ ಕಣ್ಣು ಹೂವಿನ ಮೇಲೆ. ಹಿಡಿದಿಟ್ಟುಕೊಂಡಿರೋದು ಈ ಬಲೆ.

ಇಷ್ಟು ಹೇಳಿ ನಿಲ್ಲಿಸಿದ್ರೆ ಇದು ಸಿಹಿ ಕಥೆ ಆಗ್ಬಿಡತ್ತೆ. ಆದ್ರೆ ಲೇಸ್ ಹಾಕಿಕೊಂಡವರೇ ಬೇರೆ, ಹೆಣೆದವರೇ ಬೇರೆ. ಕೂಲಿ ಸಿಗ್ತಿದ್ದದ್ದು ತುಂಡಿನ ಲೆಕ್ಕದಲ್ಲಿ. ಫ್ಯಾಷನ್ ಬದಲಾದಾಗ, ಮಷಿನ್ ಲೇಸ್ ಅಗ್ಗಕ್ಕೆ ಬಂದಾಗ ಮೊದಲ ಪೆಟ್ಟು ಬೀಳ್ತಿದ್ದದ್ದು ಆ ಕೈಗಳಿಗೇ.

ಇದು ನಮ್ಮಿಂದ ತುಂಬಾ ದೂರದ ಕಥೆಯೂ ಅಲ್ಲ. ಪಕ್ಕದ ಆಂಧ್ರದ ನರಸಾಪುರಕ್ಕೆ ಲೇಸ್ ಕೆಲಸ ಬಂದಿದ್ದೂ 19ನೇ ಶತಮಾನದಲ್ಲಿ, ಮಿಷನರಿಗಳ ಮೂಲಕ. 1982ರಲ್ಲಿ ಮರಿಯಾ ಮೀಸ್ ಅನ್ನೋ ಜರ್ಮನ್ ಸಮಾಜಶಾಸ್ತ್ರಜ್ಞೆ ಅಲ್ಲಿನ ಹೆಂಗಸರ ಬಗ್ಗೆ ಪುಸ್ತಕ ಬರೆದರು. ಅವರು ತೋರಿಸಿದ್ದು ಇಷ್ಟು: ಆ ಲೇಸ್ ವಿದೇಶಕ್ಕೆ ಹೋಗ್ತಿತ್ತು, ಲಾಭ ವ್ಯಾಪಾರಿಗಳ ಕೈಗೆ ಸೇರ್ತಿತ್ತು. ದಿನಕ್ಕೆ ಗಂಟೆಗಟ್ಟಲೆ ಹೆಣೀತಿದ್ದ ಹೆಂಗಸರನ್ನ ಮಾತ್ರ 'ಗೃಹಿಣಿ' ಅಂತ ಕರೆದು, ಅವರ ದುಡಿಮೆಯನ್ನ ಬಿಡುವಿನ ಕೆಲಸ ಅಂತ ಲೆಕ್ಕ ಹಾಕ್ತಿದ್ರು. ಬಿಡುವು ಅಂದ್ಬಿಟ್ರೆ ಕೂಲಿ ಜಾಸ್ತಿ ಕೇಳೋ ಹಾಗಿಲ್ಲ, ಅಲ್ವಾ?

ಇದನ್ನ ಓದಿದ ದಿನ ಸಂಜೆ ಆಂಟಿಯನ್ನ ಕೇಳಿದೆ, ಒಂದು ಸೀರೆ ಕುಚ್ಚಿಗೆ ಎಷ್ಟು ಹೊತ್ತು ಹಿಡಿಯತ್ತೆ ಅಂತ. "ಯಾರ್ ಲೆಕ್ಕ ಇಟ್ಟಿದ್ದಾರೆ, ಅಡುಗೆ ಮಧ್ಯೆ ಮಧ್ಯೆ ಹಾಕ್ತೀನಿ" ಅಂದ್ರು. ಸರಿ, ಲೆಕ್ಕ ಇಡೋದು ನಾನು ಓದಿರೋ ಒಂದೇ ವಿದ್ಯೆ. ಮಾರನೇ ದಿನ ಪಕ್ಕದಲ್ಲಿ ಕೂತು ಮೊಬೈಲಲ್ಲಿ ಟೈಮರ್ ಆನ್ ಮಾಡಿದೆ. ಕೂಲಿಯನ್ನ ಗಂಟೆಗೆ ಭಾಗಿಸಿ ತೋರಿಸಿದಾಗ ಆಂಟಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕನ್ನಡಕ ಸರಿಮಾಡ್ಕೊಂಡು, "ಮುಂದಿನ ಸೀರೆಗೆ ರೇಟು ನೀನೇ ಹೇಳು" ಅಂದ್ರು.

ನಿಮ್ಮ ಮನೆಯಲ್ಲೂ, ಬೀದಿಯಲ್ಲೂ ಇಂಥ ಕೈಗಳು ಇರ್ತಾವೆ. ಒಂದು ಸಲ ಪಕ್ಕದಲ್ಲಿ ಕೂತು ಗಡಿಯಾರ ನೋಡಿ. ಏನು ಲೆಕ್ಕ ಸಿಕ್ತು ಅಂತ ನನಗೊಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.