ಮಾಡ್ಯೂಲ್

ಮಾಡ್ಯೂಲ್ ಪದದ ಮೂಲ ಲ್ಯಾಟಿನ್ನಿನ ‘ಮೋಡುಲುಸ್’. ‘ಮೋಡುಸ್’ ಎಂದರೆ ಅಳತೆ, ‘ಮೋಡುಲುಸ್’ ಅದರ ಕಿರಿದಾದ ರೂಪ. ಕ್ರಿ.ಪೂ. ಮೊದಲ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್, ಕಂಬದ ದಪ್ಪದಿಂದ ಪಡೆದ ಮೂಲಮಾನಕ್ಕೆ ಈ ಪದ ಬಳಸಿ, ದೇಗುಲದ ಇತರ ಅಳತೆಗಳನ್ನು ಅದರ ಲೆಕ್ಕದಲ್ಲೇ ವಿವರಿಸಿದ. ಗಣಿತದ ‘ಮಾಡ್ಯುಲಸ್’ ಕೂಡ ಇದೇ ಕುಲದ್ದು. 20ನೇ ಶತಮಾನದಲ್ಲಿ ಅರ್ಥ ಅಳತೆಯಿಂದ ಬಿಡಿಭಾಗದತ್ತ ಸರಿಯಿತು: ಪ್ರತ್ಯೇಕವಾಗಿ ತಯಾರಾಗಿ, ಬೇಕಾದಾಗ ಜೋಡಿಸಬಹುದಾದ ಘಟಕ.

ಲಿನಕ್ಸ್‌ನಲ್ಲಿ ಪದಕ್ಕೆ ಇನ್ನೂ ಖಚಿತವಾದ ಅರ್ಥವಿದೆ. ವ್ಯವಸ್ಥೆಯ ತಿರುಳಾದ ಕರ್ನೆಲ್ ಓಡುತ್ತಿರುವಾಗಲೇ ಅದಕ್ಕೆ ಸೇರಿಸಬಹುದಾದ, ತೆಗೆಯಬಹುದಾದ ಕೋಡ್‌ಗೆ ಈ ಹೆಸರು. ಇವುಗಳಲ್ಲಿ ಬಹುಪಾಲು ಸಾಧನಗಳನ್ನು ನಡೆಸುವ ಡ್ರೈವರ್‌ಗಳು. ಗಣಕ ಶುರುವಾದಾಗ ಸಾಧನಗಳನ್ನು ನಿರ್ವಹಿಸುವ ‘ಯುಡೆವ್’ ಪ್ರತಿ ಸಾಧನದ ಗುರುತು ನೋಡಿ ತಕ್ಕ ಮಾಡ್ಯೂಲನ್ನು ತಾನೇ ಲೋಡ್ ಮಾಡಿಸುತ್ತದೆ. ಸಾಧನದ ಸುಳಿವಿಲ್ಲದೆಯೂ ಬೇಕಾಗುವ ಮಾಡ್ಯೂಲ್‌ಗಳಿದ್ದರೆ, ಸಿಸ್ಟಮ್‌ಡಿ ಇರುವ ವ್ಯವಸ್ಥೆಗಳಲ್ಲಿ ‘ಮಾಡ್ಯೂಲ್ಸ್-ಲೋಡ್.ಡಿ’ ಫೋಲ್ಡರಿನ ಫೈಲೊಂದರಲ್ಲಿ ಸಾಲಿಗೊಂದರಂತೆ ಹೆಸರು ಬರೆದರೆ ಸಾಕು.

ಮಾಡ್ಯೂಲ್ ಲೋಡ್ ಆಗದಂತೆ ತಡೆಯುವ ಕೆಲಸಕ್ಕೆ ಹೆಚ್ಚು ಎಚ್ಚರ ಬೇಕು. ‘ಮಾಡ್‌ಪ್ರೋಬ್.ಡಿ’ ಫೋಲ್ಡರಿನ ಫೈಲಿನಲ್ಲಿ ‘ಬ್ಲ್ಯಾಕ್‌ಲಿಸ್ಟ್’ ಎಂದು ಮಾಡ್ಯೂಲಿನ ಹೆಸರಿನೊಡನೆ ಬರೆದರೆ ಸಂಪೂರ್ಣ ನಿಷೇಧವಾಯಿತೆಂದು ಹಲವರು ತಿಳಿಯುತ್ತಾರೆ. ಹಾಗಲ್ಲ, ಸಾಧನದ ಗುರುತಿನಿಂದ ತಾನಾಗಿ ಲೋಡ್ ಆಗುವುದು ಮಾತ್ರ ನಿಲ್ಲುತ್ತದೆ. ಮತ್ತೊಂದು ಮಾಡ್ಯೂಲ್ ಅದನ್ನು ಅವಲಂಬಿಸಿದ್ದರೆ, ಅಥವಾ ಯಾರಾದರೂ ಹೆಸರು ಹಿಡಿದು ಕರೆದರೆ, ಅದು ಒಳಬಂದೇ ಬರುತ್ತದೆ. ಆ ದಾರಿಯನ್ನೂ ಮುಚ್ಚಲು ‘ಇನ್‌ಸ್ಟಾಲ್’ ಸಾಲಿನಲ್ಲಿ ಮಾಡ್ಯೂಲಿನ ಹೆಸರಿನ ಮುಂದೆ ‘ಬಿನ್’ನಲ್ಲಿರುವ ‘ಫಾಲ್ಸ್’ ಆದೇಶವನ್ನು ಸೂಚಿಸುತ್ತಾರೆ. ಮಾಡ್ಯೂಲ್, ಗಣಕ ಶುರುವಾಗುವಾಗ ಮೊದಲು ಬಳಕೆಯಾಗುವ ತಾತ್ಕಾಲಿಕ ಫೈಲ್ ವ್ಯವಸ್ಥೆಯಾದ ಇನಿಟ್‌ರ್‍ಯಾಮ್‌ಎಫ್‌ಎಸ್‌ನಲ್ಲಿಯೂ ಸೇರಿದ್ದರೆ, ಬದಲಾವಣೆಯ ನಂತರ ಆ ಫೈಲ್ ವ್ಯವಸ್ಥೆಯನ್ನು ಮತ್ತೆ ಕಟ್ಟಬೇಕು.