ಸುರಪುರದ ನಾಯಕರು, ಅವರ ಕಥೆ ಬರೆದವರು

ಇಂದಿನ ಯಾದಗಿರಿ ಜಿಲ್ಲೆಯ ಸುರಪುರವನ್ನು ಆಳಿದ ಬೇಡ ನಾಯಕರಿಗೆ ಚರಿತ್ರೆಯಲ್ಲಿ ಖಳನ ಪಾತ್ರ ಎರಡು ಸಲ ಸಿಕ್ಕಿತು. ಮೊದಲು ಕೊಟ್ಟವರು ಮೊಗಲರು. 1705ರಲ್ಲಿ ಮುದಿ ಔರಂಗಜೇಬ ಖುದ್ದಾಗಿ ಬಂದು ನಾಯಕರ ವಾಗಿನಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಒಳಗಿದ್ದ ಪಿಡ್ಡ ನಾಯಕ ಸಂಧಿಯ ಮಾತೆತ್ತಿ ತಮ್ಮ ಸೋಮಶಂಕರನನ್ನು ಮೊಗಲ್ ಪಾಳೆಯಕ್ಕೆ ಕಳಿಸಿದ. ನಾಯಕನಿಗೆ ಹುಚ್ಚು ಹಿಡಿದಿದೆ, ಮರಾಠರ ಜೊತೆ ಓಡಿಹೋಗಿದ್ದಾನೆ ಎಂಬ ಸುದ್ದಿಯೂ ಹಬ್ಬಿತು. ಎಲ್ಲವೂ ಹೂಟ. ಏಪ್ರಿಲ್‌ನಲ್ಲಿ ಕೋಟೆ ಕೈಬಿಡುವ ಹೊತ್ತಿಗೆ ಆತ ಬೆಂಕಿಯ ಮರೆಯಲ್ಲಿ ರಾತ್ರೋರಾತ್ರಿ ಪಾರಾದ. ಖಾಫಿ ಖಾನನಂಥ ಮೊಗಲ್ ಇತಿಹಾಸಕಾರರು ಅವನ ಬಗ್ಗೆ ಹೀನಾಯವಾಗಿ ಬರೆದರು. ಚಕ್ರವರ್ತಿ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದೇ ಎಂಬುದನ್ನು ನೆನೆದರೆ ಆ ಸಿಟ್ಟು ಅರ್ಥವಾಗುತ್ತದೆ.

ಎರಡನೆಯ ಪಾತ್ರ ಅಷ್ಟು ಸರಳವಲ್ಲ. ಅದನ್ನು ಕೊಟ್ಟವನು ಹೈದರಾಬಾದಿನ ನಿಜಾಮನ ಸೇವೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಅವನು 1839ರಲ್ಲಿ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಪ್ರಕಟಿಸಿದ್ದ. ಅದರಲ್ಲಿ ಅಮೀರ್ ಅಲಿಯೆಂಬ ಠಕ್ಕ ತನ್ನ ಕೊಲೆಗಳನ್ನು ತಾನೇ ಹೇಳಿಕೊಳ್ಳುತ್ತಾನೆ. ಓದುಗ ಹೇಸುತ್ತಲೇ ಅವನ ಮಾತಿಗೆ ಸೋಲುತ್ತಾನೆ. ರನ್ನನ ದುರ್ಯೋಧನನಿಗೆ ಮರುಗಿದ ಕನ್ನಡಿಗರಿಗಂತೂ ಇದು ಹೊಸದಲ್ಲ.

1841ರಲ್ಲಿ ಟೇಲರ್ ಸುರಪುರಕ್ಕೆ ಬಂದ. ರಾಜ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಬಾಲಕ, ಹಾಗಾಗಿ ಆಡಳಿತ ಟೇಲರನ ಕೈಯಲ್ಲಿತ್ತು. ಹುಡುಗ ಟೇಲರನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. 1853ರಲ್ಲಿ ಅಧಿಕಾರ ವೆಂಕಟಪ್ಪನ ಕೈಗೆ ಬಂತು, ಟೇಲರ್ ಹೊರಟುಹೋದ. 1858ರ ಫೆಬ್ರವರಿಯಲ್ಲಿ ಸುರಪುರದ ಪಡೆ ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ವಿಂಡಮ್‌ನ ಪಾಳೆಯದ ಮೇಲೆ ರಾತ್ರಿ ಎರಗಿತು. ಆ ಕದನದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೈದರಾಬಾದಿಗೆ ಓಡಿದ ರಾಜ ಅಲ್ಲಿ ಸೆರೆ ಸಿಕ್ಕ. ಟೇಲರ್ ಸೆರೆಮನೆಗೇ ಹೋಗಿ ಅವನನ್ನು ಕಂಡ. ಮರಣದಂಡನೆ ಗಡೀಪಾರಿಗೆ ಇಳಿಯಿತು, ಅದು ನಾಲ್ಕು ವರ್ಷದ ಸೆರೆವಾಸವಾಯಿತು. ಸೆರೆಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ರಾಜನ ಪ್ರಾಣ ಹೋಯಿತು.

ಟೇಲರನ ಆತ್ಮಕಥೆ ಅವನ ಮರಣಾನಂತರ, 1877ರಲ್ಲಿ ಬಂತು. ಅಲ್ಲಿ ವೆಂಕಟಪ್ಪ ದುಷ್ಟನಲ್ಲ, ದಾರಿ ತಪ್ಪಿದ ಹುಡುಗ. ದುಂದು, ಕೆಟ್ಟ ಸಹವಾಸ, ಹೊಗಳುಭಟ್ಟರು ತಪ್ಪನ್ನು ಹೊರುತ್ತಾರೆ. ಅವನ ತಾಯಿ ರಾಣಿ ಈಶ್ವರಮ್ಮನಿಗೆ ಮಾತ್ರ ಆ ಲೇಖನಿ ಅಷ್ಟು ಕರುಣೆ ತೋರಲಿಲ್ಲ. ವೆಂಕಟಪ್ಪನ ಮೇಲೆ ಟೇಲರನ ಪ್ರೀತಿ ನಿಜವಾದದ್ದೇ ಇರಬಹುದು, ಆದರೆ ಅದಕ್ಕೆ ಬೆಲೆಯೂ ಉಂಟು: ದಾರಿ ತಪ್ಪಿದವನ ಮೇಲೆ ಮರುಗಿದರೆ ಸಾಕು, ಅವನು ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಕತ್ತಿ ಹಿರಿದದ್ದು ಏಕೆಂದು ಕೇಳಬೇಕಾಗಿಲ್ಲ. ಅಮೀರ್ ಅಲಿಗೆ ಸ್ವಂತ ಮಾತನ್ನು ಕೊಟ್ಟ ಲೇಖಕ ವೆಂಕಟಪ್ಪನಿಂದ ಸ್ವಂತ ನಿರ್ಧಾರವನ್ನೇ ಕಿತ್ತುಕೊಂಡ.

1860ರ ಒಪ್ಪಂದದಲ್ಲಿ ಸುರಪುರ ನಿಜಾಮನ ಪಾಲಾಯಿತು. ಊರಿನವರ ನೆನಪಿನಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರೊಡನೆ ಕಾದಿದ ವೀರ. ಟೇಲರನ ಮೇಲೂ ಅಲ್ಲಿ ದ್ವೇಷವಿಲ್ಲ. ಅವನ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಲ್ಲೇ ಉಳಿದಿದೆ.