ಪುಟ್ಟ ವಿಯೊಲ: ಒಂದು ಪದದ ಜಾಡು

ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದವರು ಪೊಳ್ಳಿಲೂರು ಕದನದ ಚಿತ್ರದ ಮುಂದೆ ನಿಂತುಬಿಡುತ್ತಾರೆ. ಸಂಗೀತದ ಇತಿಹಾಸ ಬರೆದವರಿಗೆ ಮಾತ್ರ 1784ರ ಈ ಅರಮನೆಯ ಇನ್ನೊಂದು ಚಿತ್ರದ ಮೇಲೆ ಕಣ್ಣು: ಪಿಟೀಲು ನುಡಿಸುವ ಹೆಂಗಸು. ಕರ್ನಾಟಕ ಸಂಗೀತಕ್ಕೆ ಪಿಟೀಲನ್ನು ತಂದವರೆಂದು ಹೆಸರಾದ ಬಾಲಸ್ವಾಮಿ ದೀಕ್ಷಿತರು ಹುಟ್ಟಿದ್ದೇ 1786ರಲ್ಲಿ. ಆದರೆ ಅರಮನೆಯ ಚಿತ್ರಗಳನ್ನು 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಮತ್ತೆ ಬರೆಸಲಾಗಿದೆ. ಹಾಗಾಗಿ ಚಿತ್ರವೊಂದನ್ನೇ ನಂಬಿ ವಾದ್ಯದ ಕಾಲ ಹೇಳುವುದು ದುಡುಕಾಗುತ್ತದೆ.

ವಾದ್ಯದ ಹೆಸರಿನ ಜಾಡು ಇದಕ್ಕಿಂತ ಗಟ್ಟಿ.

ವಯೊಲಿನ್ ಎಂಬುದು ಇಟಲಿಯ 'ವಿಯೊಲಿನೊ'. 'ವಿಯೊಲ' ಎಂಬ ವಾದ್ಯದ ಹೆಸರಿಗೆ 'ಇನೊ' ಪ್ರತ್ಯಯ ಸೇರಿ 16ನೇ ಶತಮಾನದಲ್ಲಿ ಬಳಕೆಗೆ ಬಂದ ಪದ. ಪುಟ್ಟ ವಿಯೊಲ ಎಂದರ್ಥ. ವಿಯೊಲ ಸ್ತ್ರೀಲಿಂಗ, ಅದರ ಮರಿ ಪುಲ್ಲಿಂಗ. ದೊಡ್ಡದಾದರೆ 'ವಿಯೊಲೊನೆ'. ಆ ದೊಡ್ಡದನ್ನೇ ಮತ್ತೆ ಕಿರಿದಾಗಿಸಿದಾಗ 'ವಿಯೊಲೊಂಚೆಲ್ಲೊ', ಅಂದರೆ ಇಂದಿನ ಚೆಲ್ಲೊ. ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದಕ್ಕೆ 'ಫ್ರೆಂಚ್ ರಾಕ್ಸ್' ಎನಿಸಿಕೊಂಡಿದ್ದ ಪಾಂಡವಪುರದಲ್ಲಿ ಈ ವಾದ್ಯದ ಮಾತು ಬಂದಿದ್ದರೆ, ಅವರ ಬಾಯಲ್ಲಿ ಅದು 'ವಿಯೊಲೋಂ' ಆಗಿರುತ್ತಿತ್ತು. ಇಟಲಿಯಲ್ಲಿ 'ಒನೆ' ಹಿಗ್ಗಿಸುವ ಪ್ರತ್ಯಯ. ಅದರ ನೆಂಟನಾದ ಫ್ರೆಂಚ್ 'ಓಂ' ಎಷ್ಟೋ ಕಡೆ ಕುಗ್ಗಿಸುತ್ತದೆ, 'ಶಾ' ಎಂಬ ಬೆಕ್ಕಿನ ಮರಿ 'ಶಾತೋಂ' ಆಗುವಂತೆ.

ಕನ್ನಡ ಈ ಕೆಲಸವನ್ನು ಪದದ ಬಾಲದಲ್ಲಲ್ಲ, ತಲೆಯಲ್ಲಿ ಮಾಡುತ್ತದೆ: ಕಿರುಬೆರಳು, ಕಿರುನಗೆ, ಮರಿಮಗ. ಕೆ.ಆರ್. ಪೇಟೆ, ನಾಗಮಂಗಲದ ಊರುಗಳಲ್ಲಿ ಪುಟ್ಟೇಗೌಡ, ಚಿಕ್ಕತಾಯಮ್ಮ, ಮರಿಗೌಡ ಎಂದು ಕೂಗಿದರೆ ಓಗೊಡುವವರು ಬೇಕಾದಷ್ಟು ಮಂದಿ. ಅವರಲ್ಲಿ ಆರಡಿ ಆಳುಗಳೂ ಉಂಟು. ಅಲ್ಲಿ 'ಪುಟ್ಟ' ಅಳತೆಯಲ್ಲ, ಅಕ್ಕರೆ. ಎಷ್ಟೋ ಸಲ ಹಿರಿಯನೊಬ್ಬನಿಂದ ಬೇರೆಮಾಡಿ ತೋರಿಸುವ ಗುರುತು. ಶ್ರೀರಂಗಪಟ್ಟಣದಲ್ಲಿ ದೊಡ್ಡದೇವರಾಜ ಒಡೆಯರ ನಂತರ ಪಟ್ಟಕ್ಕೆ ಬಂದವರು ಚಿಕ್ಕದೇವರಾಜ ಒಡೆಯರು. 1673ರಿಂದ 1704ರವರೆಗೆ ಆಳಿ ರಾಜ್ಯವನ್ನು ಹಿಗ್ಗಿಸಿದವರು ಈ 'ಚಿಕ್ಕ'ವರೇ. ವಿಯೊಲಿನೊ ಕಥೆಯೂ ಇದೇ: ತಾಯಿ ವಿಯೊಲವನ್ನು ಹೆಸರಿನಲ್ಲಿ ಮರಿ ಮೀರಿಸಿತು.

ಇನ್ನು ನಮ್ಮ 'ಪಿಟೀಲು'. ಇದನ್ನು ವಯೊಲಿನ್ ಪದದ ಅಪಭ್ರಂಶವೆಂದು ತಿಳಿದವರಿದ್ದಾರೆ. ಹಾಗಲ್ಲ, ಅದು ಇಂಗ್ಲಿಷಿನ 'ಫಿಡಲ್'. ಹಳ್ಳಿಯ ನಾಲಗೆಯಲ್ಲಿ ಫಕಾರ ಪಕಾರವಾಯಿತು, ಡಕಾರ ಟಕಾರವಾಯಿತು, ಕೊನೆಗೊಂದು ಉಕಾರ ಕೂಡಿಕೊಂಡಿತು. ಫಿಡಲ್ ಮತ್ತು ವಿಯೊಲ ಎರಡೂ ಮಧ್ಯಯುಗದ ಲ್ಯಾಟಿನ್ನಿನ 'ವಿಟುಲ' ಎಂಬ ತಂತಿವಾದ್ಯದ ಹೆಸರಿನಿಂದ ಬಂದವೆಂದು ಅನೇಕ ಭಾಷಾವಿದ್ವಾಂಸರ ಅಭಿಪ್ರಾಯ. ಅದು ನಿಜವಾದರೆ, ಯೂರೋಪಿನಲ್ಲಿ ಅಗಲಿದ ಅಕ್ಕತಂಗಿಯರು ಕಾವೇರಿ ದಡದಲ್ಲಿ ಒಂದೇ ವಾದ್ಯಕ್ಕೆ ಎರಡು ಹೆಸರಾಗಿ ಕೂಡಿಕೊಂಡಿದ್ದಾರೆ.

ತಿರುಮಕೂಡಲಿನ ಚೌಡಯ್ಯನವರು (1895–1967) ನಾಲ್ಕು ತಂತಿಯ ವಾದ್ಯಕ್ಕೆ ಏಳು ತಂತಿ ಕಟ್ಟಿ ನುಡಿಸಿದರು. ಜನ ಅವರನ್ನು ಕರೆದದ್ದು ಪಿಟೀಲು ಚೌಡಯ್ಯ ಎಂದೇ.